ನೀರಿನಲ್ಲಿ ಎಣ್ಣೆ, ಎಣ್ಣೆಯಲ್ಲಿ ನೀರು

ಇಪ್ಪತ್ತೆರಡು ವರ್ಷಗಳಿಂದ ನಾನು ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಎಮಲ್ಷನ್, ಅಂದರೆ ಒಂದಕ್ಕೊಂದು ಬೆರೆಯದ ಎರಡು ದ್ರವಗಳಲ್ಲಿ ಒಂದು ಇನ್ನೊಂದರೊಳಗೆ ಹನಿಹನಿಯಾಗಿ ಹರಡಿರುವುದು, ಆ ವಿಷಯ ಬಂದಾಗಲೆಲ್ಲ ಹಲಗೆಯ ಮೇಲೆ ಎರಡು ವೃತ್ತ ಬರೆಯುತ್ತೇನೆ. ಒಂದರಲ್ಲಿ ನೀರಿನ ನಡುವೆ ಕೊಬ್ಬಿನ ಚುಕ್ಕಿಗಳು, ಅದು ಹಾಲು. ಇನ್ನೊಂದರಲ್ಲಿ ಕೊಬ್ಬಿನ ನಡುವೆ ನೀರಿನ ಚುಕ್ಕಿಗಳು, ಅದು ಬೆಣ್ಣೆ. "ಹಾಲೆಂದರೆ ನೀರಿನಲ್ಲಿ ಎಣ್ಣೆ, ಬೆಣ್ಣೆಯೆಂದರೆ ಎಣ್ಣೆಯಲ್ಲಿ ನೀರು. ಬರೆದುಕೊಳ್ಳಿ" ಎನ್ನುತ್ತೇನೆ. ಬರೆದುಕೊಳ್ಳುತ್ತಾರೆ. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಮೇಡಂ, ಮೊದಲನೆಯದು ಎರಡನೆಯದಾಗುವುದು ಯಾವಾಗ?" ಎಂದು ಕೇಳಿದ. "ಕಡೆದಾಗ" ಎಂದೆ. "ಕಡೆಯುತ್ತಾ ಇರುವಾಗ ಯಾವ ಹೊತ್ತಿನಲ್ಲಿ? ನೋಡಿದರೆ ಗೊತ್ತಾಗುತ್ತದೆಯೇ?" ಎಂದ. ಅಷ್ಟರಲ್ಲಿ ಗಂಟೆ ಹೊಡೆಯಿತು. ನಾನು ಬದುಕಿಕೊಂಡೆ.

ನಿಜ ಹೇಳಬೇಕೆಂದರೆ ನಾನು ಬೆಣ್ಣೆ ಕಡೆದವಳೇ ಅಲ್ಲ. ಬೆಳೆದದ್ದು ರಾಜಾಜಿನಗರದಲ್ಲಿ, ಪ್ಯಾಕೆಟ್ ಹಾಲಿನಲ್ಲಿ. ಹಸು ಕಂಡದ್ದು ಬೇಸಿಗೆ ರಜೆಯಲ್ಲಿ ಸೋದರತ್ತೆಯ ಮನೆಗೆ ಹೋದಾಗ ಮಾತ್ರ. ಅತ್ತೆಯ ಊರು ಹೆಸರಘಟ್ಟದ ಆಚೆ. 1894ರಲ್ಲಿ ಬೆಂಗಳೂರಿಗೆ ಕುಡಿಯುವ ನೀರು ಕೊಡಲೆಂದು ಅರ್ಕಾವತಿಗೆ ಅಡ್ಡ ಕಟ್ಟಿದ ಕೆರೆ ಅಲ್ಲಿದೆ. ಆಗ ನಮಗೆ ಅದು ಪೂರಾ ಹಳ್ಳಿ. ಬಸ್ಸು ತಪ್ಪಿದರೆ ಅಂದಿಗೆ ಬೆಂಗಳೂರು ಇಲ್ಲ. ಈಗ ದಾಸರಹಳ್ಳಿಯವರೆಗೆ ಮೆಟ್ರೊ, ಅಲ್ಲಿಂದ ಬಾಗಲಗುಂಟೆ, ಚಿಕ್ಕಬಾಣಾವರ, ಸೋಲದೇವನಹಳ್ಳಿ ದಾಟುವ ತನಕ ಎಲ್ಲಿ ಊರು ಮುಗಿಯಿತು, ಎಲ್ಲಿ ಹೊಲ ಶುರುವಾಯಿತು ಎಂದು ಹೇಳುವಂತಿಲ್ಲ. ಅತ್ತೆಯ ಎರಡು ಎಕರೆಯ ಒಂದು ಬದಿಗೆ ಬಡಾವಣೆಯ ಕಲ್ಲು ನೆಟ್ಟಿದ್ದಾರೆ. ಇನ್ನೊಂದು ಬದಿಯಲ್ಲಿ ಸೀಮೆಹುಲ್ಲು, ರಾಗಿ, ಅಕ್ಕಡಿಗೆ ಅವರೆ.

ಕಳೆದ ಡಿಸೆಂಬರಿನಲ್ಲಿ ಅತ್ತೆ ಫೋನ್ ಮಾಡಿದರು. ಮಾರ್ಗಶಿರದ ಹನುಮಜ್ಜಯಂತಿಗೆ ಊರ ಆಂಜನೇಯನಿಗೆ ಬೆಣ್ಣೆ ಅಲಂಕಾರ. ಅವರದೊಂದು ಹರಕೆ ಬಾಕಿ ಇದೆ. 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದಿತ್ತಲ್ಲ, ಆಗ ಅವರ ಗಂಗೆಯ ಮೈಯೆಲ್ಲ ಗಂಟೆದ್ದು, ಮೇವು ಬಿಟ್ಟು, ಕೆಚ್ಚಲು ಬತ್ತಿ ಮಲಗಿತ್ತು. ಎದ್ದು ನಿಂತರೆ ಅದರ ಹಾಲಿನದೇ ಒಂದೂಕಾಲು ಕೆ.ಜಿ. ಬೆಣ್ಣೆ ಕೊಡುತ್ತೇನೆಂದು ಅತ್ತೆ ಹೇಳಿಕೊಂಡಿದ್ದರು. ಹಸು ಎದ್ದಿತು. ಮರುವರ್ಷ ಮನೆಯಲ್ಲಿ ಸಾವು, ಸೂತಕ. ಹರಕೆ ಉಳಿದುಹೋಯಿತು. "ಈ ಸಲ ತೀರಿಸಬೇಕು. ನೀನು ಯಾವಾಗಲೂ ಕೇಳುತ್ತಿದ್ದೆಯಲ್ಲ, ಬಾ. ಕಡಗೋಲು ಅಟ್ಟದಿಂದ ಇಳಿಸುತ್ತೇನೆ" ಎಂದರು.

ನಾನು ಎರಡು ದಿನ ರಜೆ ಹಾಕಿದೆ. ಐವತ್ತೊಂದರ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ಮನೆಯವರು ನಕ್ಕರು. ಗಾಂಧೀಜಿ 1927ರಲ್ಲಿ ಇದೇ ಬೆಂಗಳೂರಿನ ಆಡುಗೋಡಿಯ ಹೈನು ಸಂಸ್ಥೆಗೆ ಹಸು ಸಾಕಣೆ ಕಲಿಯಲು ಹೋದಾಗ ಅವರಿಗೆ ಐವತ್ತೇಳು ದಾಟಿತ್ತು, ಅಲ್ಲಿನ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತ ಎಂದು ಬರೆದುಕೊಂಡರು ಎಂದೆ. ಅವರು ಮಹಾತ್ಮರು, ನಿನಗೆ ಸೊಂಟನೋವು ಎಂಬ ಉತ್ತರ ಬಂತು. ಅದಕ್ಕೆ ನನ್ನಲ್ಲಿ ಮರುಮಾತಿರಲಿಲ್ಲ.

ಬೆಳಗಿನ ಜಾವ ಅತ್ತೆ ನನ್ನನ್ನು ಎಬ್ಬಿಸಿದಾಗ ಹೊರಗೆ ಮಂಜು ಕವಿದಿತ್ತು. ಅವರು ಆಗಲೇ ಹಾಲು ಕರೆದು, ಡೇರಿಗೆ ಹಾಕಿ, ಚೀಟಿ ತಂದಿದ್ದರು. ಫ್ಯಾಟು 3.9. ಈ ಸೀಮೆಯಲ್ಲಿ ಅಕ್ಷರ ಬಾರದ ಮುದುಕಿಯರಿಗೂ ಫ್ಯಾಟು, ಎಸ್‌ಎನ್‌ಎಫ್ ಎಂಬ ಎರಡು ಮಾತು, ಅಂದರೆ ಹಾಲಿನ ಕೊಬ್ಬು ಮತ್ತು ಕೊಬ್ಬಲ್ಲದ ಘನಾಂಶ, ಚೆನ್ನಾಗಿ ಗೊತ್ತು. ಅದರ ಮೇಲೆ ದುಡ್ಡು ಬರುವುದು. ನಾನು ಚೀಟಿ ಹಿಡಿದು ಲೆಕ್ಕ ಹಾಕಿದೆ. ದಿನಕ್ಕೆ ನಾಲ್ಕು ಲೀಟರಿನಂತೆ ಎಂಟು ದಿನ ಮನೆಯಲ್ಲಿ ಉಳಿಸಿಕೊಂಡ ಹಾಲು ಮೂವತ್ತೆರಡು ಲೀಟರ್. ನೂರಕ್ಕೆ ನಾಲ್ಕರಂತೆ ಹಿಡಿದರೆ ಕೊಬ್ಬು ಒಂದೂಕಾಲು ಕೆ.ಜಿ.ಗಿಂತ ತುಸು ಹೆಚ್ಚು. ಬೆಣ್ಣೆಯಲ್ಲಿ ಕೊಬ್ಬು ನೂರಕ್ಕೆ ಎಂಬತ್ತು, ಉಳಿದದ್ದು ಬಹುಪಾಲು ನೀರು. ಹಾಗಾದರೆ ಒಂದೂವರೆ ಕೆ.ಜಿ. ಮೀರಬೇಕು. "ಮೀರುವುದಿಲ್ಲ. ಮಜ್ಜಿಗೆಯಲ್ಲಿ ಹೋಗುವುದನ್ನು ಯಾರು ಎಣಿಸುತ್ತಾರೆ? ಬೆಕ್ಕು ಕುಡಿದದ್ದು? ನಿನ್ನ ಕಾಫಿಗೆ ಹಾಕಿದ್ದು?" ಎಂದರು ಅತ್ತೆ. ಅಷ್ಟು ದಿನ ತೆಗೆದ ಬೆಣ್ಣೆ ಫ್ರಿಜ್ಜಿನಲ್ಲಿ, ತಣ್ಣೀರಿನಲ್ಲಿ ಮುಳುಗಿ ಕುಳಿತಿತ್ತು. ತೂಕಕ್ಕೆ ಇನ್ನೂ ಕಾಲು ಕೆ.ಜಿ. ಕಡಿಮೆ. ಕೊನೆಯ ಎರಡು ದಿನದ ಎಂಟು ಲೀಟರ್ ಮೊಸರು ನನಗಾಗಿ ಕಾದಿತ್ತು.

ಕಡಗೋಲು ಅತ್ತೆಯ ಅತ್ತೆಯ ಕಾಲದ್ದು. ಎದೆಯೆತ್ತರದ ಕೋಲು, ತುದಿಯಲ್ಲಿ ತಾವರೆ ಮೊಗ್ಗನ್ನು ಸೀಳಿದಂಥ ಎಸಳುಗಳು. ಹಿಂದಿನ ರಾತ್ರಿಯೇ ತೊಳೆದು ನೀರಿನಲ್ಲಿ ನೆನೆಹಾಕಿದ್ದರು. ಒಣ ಮರಕ್ಕೆ ಬೆಣ್ಣೆ ಅಂಟಿಕೊಂಡು ಬಿಡುವುದಿಲ್ಲವಂತೆ. ಮಣ್ಣಿನ ಗಡಿಗೆ ಒಡೆದು ಎಷ್ಟೋ ವರ್ಷವಾಗಿತ್ತು. ಅದರ ಬದಲು ದೊಡ್ಡ ಸ್ಟೀಲ್ ಪಾತ್ರೆ, ಕೆಳಗೆ ಹಳೆಯ ಸೀರೆ ಸುತ್ತಿದ ಸಿಂಬೆ. ಹಜಾರದ ಮರದ ಕಂಬಕ್ಕೆ ಮೇಲೊಂದು ಕೆಳಗೊಂದು ಕುಣಿಕೆ ಬಿಗಿದು, ಅವುಗಳೊಳಗೆ ಕೋಲನ್ನು ನಿಲ್ಲಿಸಿ, ನಡುವೆ ಹಗ್ಗವನ್ನು ಮೂರು ಸುತ್ತು ಸುತ್ತಿದರು. ಕುಣಿಕೆ ಕೂರುವಲ್ಲಿ ಕಂಬಕ್ಕೆ ಬೆರಳು ಹುದುಗುವಷ್ಟು ಆಳದ ಕಚ್ಚು ಬಿದ್ದಿತ್ತು. ಚಿಕ್ಕಂದಿನಲ್ಲಿ ಆ ಕಚ್ಚಿನಲ್ಲಿ ಕಾಲಿಟ್ಟು ನಾವು ಕಂಬ ಹತ್ತುತ್ತಿದ್ದೆವು. ಅದು ಹೇಗೆ ಬಿತ್ತೆಂದು ಕೇಳಿರಲಿಲ್ಲ.

ಮೊಸರು ಮೊದಲು ಹದಕ್ಕೆ ಬಂದಿರಬೇಕು. ಚಳಿಗಾಲದಲ್ಲಿ ಹೆಪ್ಪು ಸೋಮಾರಿ. ಹಾಗಾಗಿ ಕಾಯಿಸಿ ಆರಿಸಿದ ಹಾಲಿಗೆ ಸಂಜೆಯೇ ಹೆಪ್ಪು ಹಾಕಿ, ಒಲೆಯ ಪಕ್ಕದ ಗೂಡಿನಲ್ಲಿ ಕಂಬಳಿ ಹೊದಿಸಿ ಇಟ್ಟಿದ್ದರು. ಹುಳಿ ಸ್ವಲ್ಪ ಏರಿದ್ದರೆ ಬೆಣ್ಣೆ ಚೆನ್ನಾಗಿ ಬಿಡುತ್ತದೆ, ಮೀರಿದರೆ ಮಜ್ಜಿಗೆ ಬಾಯಿಗೆ ಇಡುವಂತಿರುವುದಿಲ್ಲ.

ಹಗ್ಗದ ಎರಡು ತುದಿ ಹಿಡಿದು ಕುಳಿತೆ. ಎರಡನ್ನೂ ಒಟ್ಟಿಗೆ ಎಳೆದೆ. ಕೋಲು ಅಲುಗಲಿಲ್ಲ. ಅತ್ತೆ ಬಾಯಿಗೆ ಸೆರಗು ಹಿಡಿದರು. "ಒಂದು ಕೈ ಎಳೆಯಬೇಕು, ಇನ್ನೊಂದು ಕೈ ಬಿಟ್ಟುಕೊಡಬೇಕು. ಬಿಟ್ಟುಕೊಡುವ ಕೈಯದೇ ಕೆಲಸ." ಕೆಲವು ಸಲ ಎಡವಿ, ಪಾತ್ರೆಯ ಅಂಚಿಗೆ ಮೊಸರು ಚಿಮ್ಮಿಸಿ, ಕೊನೆಗೆ ಲಯ ಹಿಡಿಯಿತು. ಗಟ್ಟಿ ಮೊಸರು ಮೊದಲು ಬುಳಕ್ ಬುಳಕ್ ಎನ್ನುತ್ತಿತ್ತು. ಆಮೇಲೆ ತೆಳುವಾಗಿ ಸರಸರ ಎಂದಿತು. ಆಮೇಲೆ ನೊರೆ ಎದ್ದಿತು. ಎದ್ದದ್ದು ಎದ್ದೇ ಇತ್ತು. ಕಾಲು ಗಂಟೆ, ಅರ್ಧ ಗಂಟೆ. ಭುಜ ಉರಿಯತೊಡಗಿತು. ಬಗ್ಗಿ ನೋಡಿದರೆ ನೊರೆ, ಬರೀ ನೊರೆ. ಉಡುಪಿಯ ಕೃಷ್ಣನ ಬಲಗೈಯಲ್ಲಿ ಕಡಗೋಲು, ಎಡಗೈಯಲ್ಲಿ ಹಗ್ಗ ಇದೆಯಲ್ಲ. ಯಶೋದೆಯ ಕೆಲಸ ತಪ್ಪಿಸಲೆಂದು ಕಸಿದುಕೊಂಡದ್ದು ಎಂದು ಎಲ್ಲರೂ ಹೇಳುತ್ತಾರೆ. ನನಗಂತೂ ಆಗ ಆ ಹುಡುಗ ಮಹಾ ಉಪಕಾರಿ ಎನಿಸಿತು.

"ಅತ್ತೆ, ನೀವು ಹಿಂದೆ ಇದನ್ನು ದಿನಾ ಮಾಡುತ್ತಿದ್ದಿರಾ?"

"ದಿನಾ. ಮದುವೆಯಾಗಿ ಬಂದ ಮರುದಿನದಿಂದ."

ಡೇರಿ ಬರುವ ಮುಂಚಿನ ಮಾತದು. ಹಾಲನ್ನು ಕೊಳ್ಳುವವರು ಊರಲ್ಲಿ ಇರಲಿಲ್ಲ, ಪೇಟೆಗೆ ಹೊತ್ತೊಯ್ಯುವಷ್ಟರಲ್ಲಿ ಒಡೆಯುತ್ತಿತ್ತು. ಹಾಲು ಒಂದು ಹೊತ್ತು ನಿಲ್ಲುವುದಿಲ್ಲ, ಬೆಣ್ಣೆ ವಾರ ನಿಲ್ಲುತ್ತದೆ, ತುಪ್ಪ ತಿಂಗಳುಗಟ್ಟಲೆ. ಆದ್ದರಿಂದ ಕಡೆಯುತ್ತಿದ್ದರು. ಬೆಣ್ಣೆಯನ್ನು ಸೇರಿನ ಲೆಕ್ಕದಲ್ಲಿ ಮಲ್ಲೇಶ್ವರದ ಮನೆಗಳಿಗೆ ಒಯ್ದು ಕೊಡುವುದು, ಬಂದ ಕಾಸಿನಲ್ಲಿ ಉಪ್ಪು, ಸೀಮೆಎಣ್ಣೆ. ಮಜ್ಜಿಗೆಗೆ ಬೆಲೆ ಇರಲಿಲ್ಲ. ಅಕ್ಕಪಕ್ಕದವರು ಚೊಂಬು ತಂದು ಒಯ್ಯುತ್ತಿದ್ದರು. ಮಜ್ಜಿಗೆಗೆ ಬಂದವರು ಗಿಂಡಿ ಬಚ್ಚಿಟ್ಟರು ಎಂಬ ಗಾದೆ ನನಗೆ ಪುಸ್ತಕದಿಂದ ಗೊತ್ತಿತ್ತು. ಗಿಂಡಿ ಬಚ್ಚಿಡುತ್ತಿದ್ದವರ ಹೆಸರುಗಳೇ ಅತ್ತೆಗೆ ಗೊತ್ತಿದ್ದವು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ಹೈನು ಅಭಿವೃದ್ಧಿ ನಿಗಮ ಶುರುವಾಗಿ, ಹಳ್ಳಿಹಳ್ಳಿಗೆ ಸಂಘಗಳು ಬಂದು, 1984ರಲ್ಲಿ ಅದೇ ಹಾಲು ಮಹಾಮಂಡಳವಾಯಿತು. ಅತ್ತೆಗೆ ಈ ಇಸವಿಗಳು ಬೇಕಿಲ್ಲ. "ಡೇರಿಯ ಕ್ಯಾನು ಬಂದ ತಿಂಗಳೇ ಇದನ್ನು ಅಟ್ಟಕ್ಕೆ ಎಸೆದೆ. ಆ ದಿನ ಮಧ್ಯಾಹ್ನದ ತನಕ ಮಲಗಿದ್ದೆ" ಎಂದರು.

ನಾನು ಸುಮ್ಮನಾದೆ. ಹಳ್ಳಿಯ ಮನೆಗಳಲ್ಲಿ ಕಡಗೋಲಿನ ಸದ್ದು ನಿಂತುಹೋಯಿತಲ್ಲ ಎಂದು ಕೊರಗುವ ಒಂದು ಸಣ್ಣ ಭಾಷಣ ನನ್ನೊಳಗೆ ಸಿದ್ಧವಾಗಿತ್ತು. ಅದನ್ನು ಅಲ್ಲೇ ನುಂಗಿದೆ.

"ಹಾಗಾದರೆ ಈ ಎಂಟು ದಿನದಿಂದ ಕಷ್ಟಪಟ್ಟು..." ಎಂದು ಶುರು ಮಾಡಿದೆ.

"ಯಾರು ಕಷ್ಟಪಟ್ಟರು? ಮಿಕ್ಸಿಯಲ್ಲಿ ತೆಗೆದೆ."

"ಮಿಕ್ಸಿಯಲ್ಲಾ? ಹರಕೆಯ ಬೆಣ್ಣೆಯನ್ನಾ?"

"ಗಂಗೆಯ ಹಾಲಿನದು ಎಂದು ಹೇಳಿಕೊಂಡಿದ್ದೆ. ಕಡಗೋಲಿನದು ಎಂದಿರಲಿಲ್ಲವಲ್ಲ. ಆಂಜನೇಯನಿಗೆ ಮಿಕ್ಸಿಯ ಬೆಣ್ಣೆ ಬೇರೆ ರುಚಿಯೇನು? ಇದು ನಿನಗೋಸ್ಕರ ಇಳಿಸಿದ್ದು. ಎಳೆ, ಎಳೆ, ಸುಮ್ಮನೆ ಕೂರಬೇಡ."

ಬೆಣ್ಣೆ ಇನ್ನೂ ಬಂದಿರಲಿಲ್ಲ. ಅತ್ತೆ ಬೆರಳು ಅದ್ದಿ ನೋಡಿ, "ತಣ್ಣಗಿದೆ. ಹಂಡೆಯಿಂದ ಒಂದು ಚೊಂಬು ನೀರು ತಂದು ಹಾಕು, ಉಗುರು ಬೆಚ್ಚಗಿರಲಿ" ಎಂದು ಕೊಟ್ಟಿಗೆಗೆ ಹೋದರು. ಕಾರಣ ನನಗೆ ತಟ್ಟನೆ ಹೊಳೆಯಿತು. ಹಾಲಿನ ಕೊಬ್ಬು ಸಣ್ಣ ಸಣ್ಣ ಗುಂಡುಗಳಾಗಿ ತೇಲುತ್ತಿರುತ್ತದೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣವು, ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಪಾಲು. ಪ್ರತಿಯೊಂದರ ಸುತ್ತಲೂ ಪ್ರೋಟೀನು, ಫಾಸ್ಫೋಲಿಪಿಡ್ಡುಗಳ ತೆಳು ಪೊರೆ. ಆ ಪೊರೆ ಇರುವ ತನಕ ಗುಂಡುಗಳು ಒಂದಕ್ಕೊಂದು ಅಂಟುವುದಿಲ್ಲ. ಕಡಗೋಲು ಗಾಳಿಯನ್ನು ಒಳಗೆ ನುಗ್ಗಿಸಿ, ಗುಳ್ಳೆಗಳ ಮೈಮೇಲೆ ಇವನ್ನು ತಂದು ಗುದ್ದಾಡಿಸಿ ಪೊರೆ ಹರಿಯುತ್ತದೆ. ಒಳಗಿನ ಕೊಬ್ಬು ಪೂರಾ ಗಟ್ಟಿಯಾಗಿದ್ದರೆ ಗೋಲಿಗಳಂತೆ ತಾಗಿ ದೂರ ಸರಿಯುತ್ತವೆ. ಪೂರಾ ಕರಗಿದ್ದರೆ ಎಣ್ಣೆಯಾಗಿ ಹರಡುತ್ತದೆ, ಮುದ್ದೆಯಾಗುವುದಿಲ್ಲ. ಒಂದಿಷ್ಟು ಗಟ್ಟಿ, ಒಂದಿಷ್ಟು ಕರಗಿ ಅಂಟಿನಂತೆ ಹೊರಬರಬೇಕು. ಆ ಹದಕ್ಕೆ ಬೇಕಾದ ಬಿಸಿ ಡಿಸೆಂಬರಿನ ಬೆಳಗಿನಲ್ಲಿ ಆ ಪಾತ್ರೆಗೆ ಇರಲಿಲ್ಲ. ಎಂಥ ಸೊಗಸಾದ ಉದಾಹರಣೆ, ತರಗತಿಯಲ್ಲಿ ಹೇಳಬಹುದಲ್ಲ ಎಂದುಕೊಳ್ಳುತ್ತಾ ಬಚ್ಚಲ ಹಂಡೆಯಿಂದ ಕುದಿವ ನೀರನ್ನೇ ಚೊಂಬು ತುಂಬ ತಂದು ಒಂದೇ ಸಲ ಸುರಿದುಬಿಟ್ಟೆ.

ಸಿದ್ಧಾಂತ ಸರಿಯಾಗಿಯೇ ಇತ್ತು.

ಐದು ನಿಮಿಷ ಎಳೆದ ಮೇಲೆ ನೊರೆ ಕುಸಿಯಿತು. ನಾನು ಹಿಗ್ಗಿದೆ. ಬಗ್ಗಿ ನೋಡಿದರೆ ಮೇಲೆ ಹಳದಿ ಕಣ್ಣುಕಣ್ಣಾಗಿ ಎಣ್ಣೆಯಂಥದೇನೋ ತೇಲುತ್ತಿದೆ. ಪಾತ್ರೆಯ ಬದಿಗೆ ಜಿಡ್ಡು ಮೆತ್ತಿದೆ. ಮುದ್ದೆಯೂ ಇಲ್ಲ, ಹರಳೂ ಇಲ್ಲ. ಅತ್ತೆ ಬಂದು ನೋಡಿ, ಚೊಂಬು ಮುಟ್ಟಿ, ಕೈ ಹಿಂದಕ್ಕೆ ಎಳೆದುಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಪಾಠ ಮಾಡುವವರಿಗೆ ಉಗುರು ಎಲ್ಲಿ, ಕುದಿ ಎಲ್ಲಿ" ಎಂದಷ್ಟೇ ಹೇಳಿ ಒಳಗೆ ಹೋಗಿ, ಫ್ರಿಜ್ಜಿನಿಂದ ಐಸಿನ ಎರಡು ಟ್ರೇ, ಒಂದು ದೊಡ್ಡ ಬಾಟಲಿ ತಣ್ಣೀರು ತಂದರು. ಐಸನ್ನು ಸೀರೆಯ ತುಂಡಿನಲ್ಲಿ ಕಟ್ಟಿ ಪಾತ್ರೆಯ ಹೊರಮೈಗೆ ಒತ್ತಿದರು. ನೀರನ್ನು ಸ್ವಲ್ಪ ಸ್ವಲ್ಪವೇ ಅಂಚಿನಿಂದ ಇಳಿಬಿಟ್ಟರು. ಹತ್ತು ನಿಮಿಷ ಯಾರೂ ಅದನ್ನು ಮುಟ್ಟಲಿಲ್ಲ. ನಾನು ಕಾಲು ಕೆ.ಜಿ.ಯನ್ನೇ ನೆನೆಯುತ್ತಾ ಕುಳಿತೆ. ಅಂಗಡಿಯ ಬೆಣ್ಣೆ ತಂದು ಸೇರಿಸಿದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಯೋಚನೆಯೂ ಬಂತು. ಅದನ್ನು ಅತ್ತೆಯ ಮುಂದೆ ಹೇಳುವ ಧೈರ್ಯ ಬರಲಿಲ್ಲ.

"ಈಗ ಎಳೆ. ಮೆಲ್ಲಗೆ. ಕಣ್ಣು ಮುಚ್ಚಿಕೋ."

"ಕಣ್ಣು ಯಾಕೆ?"

"ನೋಡುತ್ತಾ ಕುಳಿತರೆ ಬರುವುದಿಲ್ಲ. ಕೇಳಿಸಿಕೋ."

ಕಣ್ಣು ಮುಚ್ಚಿದೆ. ಸರಸರ, ಸರಸರ. ಹಗ್ಗ ಕೋಲಿಗೆ ಉಜ್ಜುವ ಸದ್ದು ಬೇರೆ, ಒಳಗಿನದು ಬೇರೆ ಎಂದು ಆಗ ತಿಳಿಯಿತು. ಹೊರಗೆ ಗಂಗೆ ಅವರೆಕಾಯಿಯ ಸಿಪ್ಪೆ ಅಗಿಯುತ್ತಿತ್ತು. ಸೊಗಡಿನ ಕಾಲವಾದ್ದರಿಂದ ಹಿತ್ತಲೆಲ್ಲ ಅದೇ ವಾಸನೆ. ಎಷ್ಟು ಹೊತ್ತಾಯಿತೋ, ಒಳಗಿನ ಸದ್ದು ಒಮ್ಮೆಲೇ ಹಗುರಾಯಿತು. ನೀರಿನಲ್ಲಿ ಕೋಲಾಡಿಸಿದಂತೆ ಜಳಜಳ ಎಂದಿತು, ಅದರ ನಡುನಡುವೆ ಏನೋ ಮೆತ್ತಗಿನದು ಕೋಲಿಗೆ ಬಂದು ಧಪ್ ಎಂದು ತಾಗಿ ಸರಿಯಿತು. ಹಗ್ಗದ ಎಳೆತವೂ ಬದಲಾಯಿತು. ಅದುವರೆಗೆ ಕೈಗೆ ಸಿಗುತ್ತಿದ್ದ ತಡೆ ಇರಲೇ ಇಲ್ಲ. "ನಿಲ್ಲಿಸು!" ಎಂದರು ಅತ್ತೆ. ಅವರು ಆಚೆ ಕೋಣೆಯಲ್ಲಿ ಅಕ್ಕಿ ಆರಿಸುತ್ತಿದ್ದರು, ಪಾತ್ರೆಯನ್ನು ನೋಡಿರಲಿಲ್ಲ.

ಕಣ್ಣು ಬಿಟ್ಟಾಗ ನೊರೆ ಮಾಯ. ತೆಳ್ಳನೆಯ ಮಜ್ಜಿಗೆಯ ಮೇಲೆ ರವೆಯಷ್ಟು, ಸಾಸಿವೆಯಷ್ಟು, ಕೆಲವು ಕಡಲೆಯಷ್ಟು ಹಳದಿ ಹರಳುಗಳು. ಎಸಳುಗಳ ಸಂದಿಯಲ್ಲಿ ಒಂದು ಗೆಡ್ಡೆಯೇ ಕುಳಿತಿತ್ತು. ನಾನು ಇಪ್ಪತ್ತೆರಡು ವರ್ಷ ಬರೆದ ಎರಡು ವೃತ್ತಗಳ ನಡುವೆ ಒಂದು ಬಾಣದ ಗುರುತು ಇರುತ್ತದೆ, ಅರ್ಧ ಅಂಗುಲದ್ದು. ನಾನು ಮುಕ್ಕಾಲು ಗಂಟೆಗೂ ಮೇಲೆ ಎಳೆದದ್ದು ಆ ಬಾಣವನ್ನು. ಅದರ ಹೆಚ್ಚಿನ ಪಾಲಿನಲ್ಲಿ ಏನೂ ಆಗುವುದಿಲ್ಲ. ಆಮೇಲೆ ಒಂದು ನಿಮಿಷದೊಳಗೆ ಎಲ್ಲವೂ ಆಗುತ್ತದೆ. ಹಿಂದಿನ ಬೆಂಚಿನ ಆ ಹುಡುಗ ಈಗ ಎಲ್ಲಿದ್ದಾನೋ. ನೋಡಿದರೆ ಗೊತ್ತಾಗುವುದಿಲ್ಲಪ್ಪ, ಕೇಳಿದರೆ ಗೊತ್ತಾಗುತ್ತದೆ ಎಂದು ಹೇಳಬೇಕಿತ್ತು ಅವನಿಗೆ.

ಇನ್ನೆರಡು ಸುತ್ತು ಎಳೆಯಲೇ ಎಂದೆ. ಬೇಡವೆಂದರು. ಹೆಚ್ಚು ಕಡೆದರೆ ಬೆಣ್ಣೆ ಮಜ್ಜಿಗೆಯನ್ನು ಒಳಗೇ ಹಿಡಿದುಕೊಳ್ಳುತ್ತದೆ, ಆಮೇಲೆ ಎಷ್ಟು ತೊಳೆದರೂ ಬಿಡುವುದಿಲ್ಲ. ಕೈಯನ್ನು ತಣ್ಣೀರಿನಲ್ಲಿ ಅದ್ದಿಕೊಂಡು, ಎರಡೂ ಅಂಗೈ ಬೊಗಸೆ ಮಾಡಿ, ಹರಳುಗಳನ್ನು ಅಂಚಿನತ್ತ ಸರಿಸುತ್ತಾ ಒಟ್ಟು ಮಾಡಿದರು. ನನ್ನ ಕೈ ಬೆಚ್ಚಗೆಂದು ಹತ್ತಿರ ಬಿಡಲಿಲ್ಲ. ಬೆಣ್ಣೆ ಮೈ ಬಿಸಿಗೇ ಕರಗುವ ಪದಾರ್ಥ. ಅತ್ತೆಯ ಕೈ ಎಪ್ಪತ್ತೈದು ವರ್ಷ ನೀರು, ಸಗಣಿ, ಹುಲ್ಲು ಕಂಡ ಕೈ, ಅದರ ಮೇಲೆ ಬೆಣ್ಣೆ ಅಂಟದೆ ಜಾರುತ್ತಿತ್ತು. ಮುದ್ದೆಯನ್ನು ಬೋಸಿಗೆ ಹಾಕಿ ಮೂರು ನೀರಿನಲ್ಲಿ ತೊಳೆದರು. ಮೊದಲ ನೀರು ಹಾಲಿನಂತೆ, ಎರಡನೆಯದು ಅಕ್ಕಿ ತೊಳೆದಂತೆ, ಮೂರನೆಯದು ತಿಳಿ. ಒಳಗೆ ಉಳಿದ ಮಜ್ಜಿಗೆಯೇ ಬೆಣ್ಣೆಯನ್ನು ಕೆಡಿಸುವುದು. ಬೆರಳಿಗೆ ಅಂಟಿದ್ದನ್ನು ನೆಕ್ಕಲು ಹೋದೆ. ಮೊಣಕೈಗೆ ಛಟೀರೆಂದು ಪೆಟ್ಟು ಬಿತ್ತು. "ದೇವರದು. ಎಂಜಲು ಮಾಡುತ್ತೀಯಾ?"

ತಕ್ಕಡಿಯಲ್ಲಿ ಹಳೆಯದು ಹೊಸದು ಸೇರಿ ಒಂದು ಕೆ.ಜಿ. ಇನ್ನೂರ ಎಪ್ಪತ್ತು ಗ್ರಾಂ. ಇಪ್ಪತ್ತು ಗ್ರಾಂ ಹೆಚ್ಚು. ಅದನ್ನು ತೆಗೆದಿಟ್ಟು ನನಗೆ ಕೊಡಬಹುದು ಎಂದುಕೊಂಡೆ. ಅತ್ತೆ ಹಾಗೆ ಯೋಚಿಸುವವರಲ್ಲ. ನನಗೆ ಸಿಕ್ಕಿದ್ದು ಮಜ್ಜಿಗೆ. ಮಧ್ಯಾಹ್ನ ಬಿಸಿ ಮುದ್ದೆ, ಹಿಸುಕಿದವರೆ ಸಾರು, ಕೊನೆಗೆ ಉಪ್ಪು, ಶುಂಠಿ, ಕರಿಬೇವು ಜಜ್ಜಿ ಹಾಕಿದ ಆ ಮಜ್ಜಿಗೆ. ನಾನು ಕರಗಿಸಿ ಕಳೆದ ಬೆಣ್ಣೆಯೆಲ್ಲ ಅದರಲ್ಲೇ ಇತ್ತು. ಲೋಟದ ಅಂಚಿಗೆ ಜಿಡ್ಡು ಕಟ್ಟುತ್ತಿತ್ತು. ಮೂರು ಲೋಟ ಕುಡಿದೆ. ತಪ್ಪಿನ ಫಲ ಇಷ್ಟು ರುಚಿಯಾಗಿದ್ದರೆ ತಪ್ಪು ಮಾಡುವುದಕ್ಕೆ ಬೇಸರವಿಲ್ಲ.

ಸಂಜೆ ಬೆಣ್ಣೆಯ ಡಬ್ಬಿಯನ್ನು ಗುಡಿಗೆ ಕೊಟ್ಟು ಬಂದೆವು. ಬಸವನಗುಡಿಯ ದೊಡ್ಡಗಣಪತಿಗೆ ಮಾಡುವ ಬೆಣ್ಣೆ ಅಲಂಕಾರ ನೋಡಿದವರಿಗೆ ಇದು ಚಿಕ್ಕದು. ಆಳೆತ್ತರದ ಕಲ್ಲಿನ ಮೇಲೆ ಕೆತ್ತಿದ ಆಂಜನೇಯ, ಒಂದು ಕೈ ಮೇಲೆತ್ತಿದ್ದಾನೆ, ಬಾಲ ತಲೆಯ ಮೇಲಿಂದ ಬಾಗಿ ಬಂದು ತುದಿಗೆ ಗಂಟೆ. ಅರ್ಚಕರು ರಾತ್ರಿಯ ತಂಪಿನಲ್ಲಿ ಬೆಣ್ಣೆಯನ್ನು ಐಸು ನೀರಿನಲ್ಲಿ ನಾದಿ ಮೆತ್ತುತ್ತಾರಂತೆ. ಬೇರೆ ಬೇರೆ ಮನೆಗಳ ಡಬ್ಬಿಗಳು ಸಾಲಾಗಿ ಇದ್ದವು. ಎಲ್ಲವೂ ಒಂದಾಗಿ ಹೋಗುತ್ತದೆ, ನಮ್ಮದು ಯಾವುದೆಂದು ತಿಳಿಯುವುದಿಲ್ಲವಲ್ಲ ಎಂದು ನಾನು ಹೇಳಿದ್ದಕ್ಕೆ ಅತ್ತೆ ಏನೂ ಅನ್ನಲಿಲ್ಲ.

ಮರುದಿನ ಮಧ್ಯಾಹ್ನ ಸರತಿಯಲ್ಲಿ ನಿಂತು ಒಳಗೆ ಹೋದೆವು. ದ್ರಾಕ್ಷಿ, ಗೋಡಂಬಿ ಒತ್ತಿದ ಬೆಣ್ಣೆಯ ಆಂಜನೇಯ, ಬೆಳ್ಳಿಯ ಕಣ್ಣು. ಮೈಯೆಲ್ಲ ಸುಣ್ಣದಂತೆ ಬಿಳಿ. ಎಮ್ಮೆಯ ಬೆಣ್ಣೆ ಹಾಗಿರುತ್ತದೆ. ಹಸಿರು ಮೇವಿನ ಕ್ಯಾರೊಟಿನ್ ಎಂಬ ಹಳದಿ ಬಣ್ಣವನ್ನು ಎಮ್ಮೆ ಎ ಜೀವಸತ್ವವಾಗಿ ಮಾರ್ಪಡಿಸಿಬಿಡುತ್ತದೆ, ಹಸು ಒಂದಿಷ್ಟನ್ನು ಹಾಲಿಗೂ ಬಿಡುತ್ತದೆ. ನಾನು ಇದನ್ನು ಅತ್ತೆಗೆ ಪಿಸುಗುಟ್ಟಿ ವಿವರಿಸುತ್ತಿದ್ದೆ. ಅವರು ಕೇಳಿಸಿಕೊಳ್ಳುತ್ತಿರಲಿಲ್ಲ. ಕತ್ತು ಚಾಚಿ ಮೇಲೆ ನೋಡುತ್ತಿದ್ದರು. ತಲೆಯ ಮೇಲೆ ಬಾಗಿದ ಬಾಲ, ಗಂಟೆಯ ತನಕ, ಎಳೆಬಿಸಿಲಿನಂಥ ತಿಳಿ ಹಳದಿ.

"ಬಾಲ ನಮ್ಮದು" ಎಂದರು. ಮಂಗಳಾರತಿ ತೆಗೆದುಕೊಂಡು ನನ್ನ ಸೆರಗು ಎಳೆದರು. "ನಡಿ, ಗಂಗೆಯ ಹಾಲು ಕರೆಯುವ ಹೊತ್ತಾಯಿತು. ಇವತ್ತಿನಿಂದ ಎಲ್ಲವೂ ಡೇರಿಗೆ."